ಇಂದೂಮೌಶಿ ಮತ್ತು ಮಕ್ಕಳ ರೈಲು

ನಿನ್ನೆ ಸಂಜೆ ಮೋಸಂಬಿ ಗಾಡಿಯ ಮುಂದೆ ನಿಂತಿದ್ದೆ. ಗೆಳತಿ ಸರೋಜಾ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆ. ಅವಳಿಗೆ ಆಗಿರುವುದು, ಹೆಸರು ಹೇಳುವಾಗ ಜನ ದನಿ ತಗ್ಗಿಸುವ ಅದೇ ಕಾಯಿಲೆ. ಕಾಯಿಲೆಯವರನ್ನು ನೋಡಲು ಮೋಸಂಬಿ ಇಲ್ಲದೆ ಹೋಗಬಾರದೆಂದು ಯಾವ ಶಾಸ್ತ್ರದಲ್ಲಿ ಬರೆದಿದೆಯೋ ಗೊತ್ತಿಲ್ಲ, ಆದರೆ ಪುಣೆಯ ಕನ್ನಡದ ಮಂದಿ ನಾವು ಅದನ್ನು ವೇದವಾಕ್ಯವೆಂದು ಪಾಲಿಸುತ್ತ ಬಂದಿದ್ದೇವೆ. ಗಾಡಿಯವನು ರುಚಿ ನೋಡಲೆಂದು ಒಂದನ್ನು ಸುಲಿದ. ಆ ಸಿಪ್ಪೆಯ ವಾಸನೆ ಮೂಗಿಗೆ ಬಡಿಯಿತು ನೋಡಿ, ನಾನು ಒಬ್ಬಳೇ ನಕ್ಕುಬಿಟ್ಟೆ. ಅವನು ಸ್ವಲ್ಪ ಹಿಂದೆ ಸರಿದ. ನನ್ನ ತಲೆ ನೆಟ್ಟಗಿದೆಯೆಂದು ನೀವಾದರೂ ನಂಬಬೇಕಾದರೆ ಇಂದೂಮೌಶಿಯ ಕಥೆ ಹೇಳಲೇಬೇಕು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಮದುವೆಯಾಗಿ ಪುಣೆಗೆ ಬಂದ ಹೊಸತು. ಪೇಟೆಯ ಹಳೆಯ ವಾಡೆಯಲ್ಲಿ ನಮ್ಮವು ಎರಡು ಕೋಣೆ; ನಲ್ಲಿ ಅಂಗಳದಲ್ಲಿ, ನನ್ನ ಮರಾಠಿ ಇನ್ನೂ ಗಂಟಲಲ್ಲಿ. ಅಲ್ಲಿಗೆ ನಮ್ಮವರ ತಾಯಿಯ ತಂಗಿ ಇಂದೂಮೌಶಿ ವಿಜಾಪುರದಿಂದ ಬಂದರು. ಎದೆಯಲ್ಲಿದ್ದ ಗಂಟು ತೆಗೆದಿದ್ದರು. ಇನ್ನು ದಿನಾ ಆಸ್ಪತ್ರೆಗೆ ಹೋಗಿ ‘ಕರೆಂಟು’ ಕೊಡಿಸಿಕೊಳ್ಳಬೇಕು. ವಿಕಿರಣ ಎಂಬ ಶಬ್ದ ನಮ್ಮ ಮನೆಯಲ್ಲಿ ಯಾರ ಬಾಯಿಗೂ ಬರುತ್ತಿರಲಿಲ್ಲ. ಕರೆಂಟು ಬೀಳಬೇಕಾದ ಜಾಗಕ್ಕೆ ಡಾಕ್ಟರರು ಕುತ್ತಿಗೆಯ ಬುಡದಿಂದ ನೇರಳೆ ಶಾಯಿಯ ಗೆರೆ ಎಳೆದಿದ್ದರು. ಎಲ್ಲ ಮುಗಿಯುವ ತನಕ ಅದು ಅಳಿಯಬಾರದು, ನೀರು ಸೋಕಬಾರದು.

“ದರ್ಜಿ ಅರಿಬಿ ಕತ್ತರಸೂಕಿಂತ ಮೊದಲ ಗೆರಿ ಹಾಕ್ತಾನಲ್ಲ, ಹಂಗ ಹಾಕ್ಯಾರ ನೋಡವಾ,” ಎಂದು ಮೌಶಿ ನನ್ನ ಮುಂದೆ ನಗುತ್ತಿದ್ದರು. ಹೊರಗೆ ಹೊರಟರೆ ಮಾತ್ರ ಎಂಥ ಬಿಸಿಲಿದ್ದರೂ ಸೆರಗನ್ನು ಗದ್ದದವರೆಗೆ ಹೊದ್ದುಕೊಳ್ಳುತ್ತಿದ್ದರು.

ಕಾಯಿಲೆಗಿಂತ ಹೆಚ್ಚಾಗಿ ಅವರನ್ನು ದಣಿಸಿದವರು ನೋಡಲು ಬರುವವರು. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಮುಖದ ನಗುವನ್ನೂ ಅಲ್ಲಿಯೇ ಬಿಟ್ಟು ಒಳಗೆ ಬರುತ್ತಿದ್ದರು. ಮೋಸಂಬಿ ಕೊಡುವುದು, ನಿಟ್ಟುಸಿರು ಬಿಡುವುದು, ಇದೇ ಕಾಯಿಲೆಯಿಂದ ಹೋದ ತಮ್ಮ ಕಡೆಯವರೊಬ್ಬರನ್ನು ನೆನೆಯುವುದು, ಚಹಾ ಕುಡಿಯುವುದು. ಮೌಶಿಯೇ ಅವರನ್ನು ಸಮಾಧಾನ ಮಾಡಿ ಕಳಿಸಬೇಕಾಗುತ್ತಿತ್ತು. ಮೋಸಂಬಿ ಹಿಂಡಿ ಹಿಂಡಿ ನನ್ನ ಕೈ ಕಹಿಯಾಗಿತ್ತು. ಇದರ ಉಪ್ಪಿನಕಾಯಿ ಹಾಕಲು ಬರುತ್ತದೆಯೇ ಎಂದು ವಾಡೆಯ ಮಾಲಕಿಯನ್ನು ಕೇಳುವ ಮಟ್ಟಕ್ಕೆ ಬಂದಿದ್ದೆ.

ಅವರೆಲ್ಲರಿಗೂ ಮುಂದಾಳು ಭೀಮರಾಯರು. ಮೌಶಿಯ ಗಂಡನ ಚಿಕ್ಕಪ್ಪನ ಮಗ, ಮೈದುನನಾಗಬೇಕು. ಕಚೇರಿಯಲ್ಲಿ ಹೆಡ್ ಕ್ಲಾರ್ಕು, ತಲೆಯ ಮೇಲೆ ಕರಿ ಟೋಪಿ. ಮನುಷ್ಯ ಒಳ್ಳೆಯವರು. ನಮ್ಮ ಮಂದಿಯಲ್ಲಿ ಎಲ್ಲಿ ಸಾವಾದರೂ ಮೊದಲು ಹೋಗಿ ನಿಲ್ಲುವವರು ಅವರೇ. ಆ ಸೇವೆಯಲ್ಲಿ ಅವರ ಕಾಲುಗಳಿಗೆ ಒಂದು ಅಭ್ಯಾಸ ಬಿದ್ದಿತ್ತು. ನಿಮಗೆ ಗೊತ್ತಲ್ಲ, ಸಾವಿನ ಮನೆಯಿಂದ ಹೊರಡುವಾಗ ನಮ್ಮಲ್ಲಿ ಯಾರೂ ‘ಬರ್ತೀನಿ’ ಎನ್ನುವುದಿಲ್ಲ. ಅಂಥ ಮನೆಗೆ ಮತ್ತೆ ಬರುವ ಪ್ರಸಂಗ ಬೇಡವೆಂದು ಸುಮ್ಮನೆ ಎದ್ದು ನಡೆದುಬಿಡಬೇಕು. ಒಂದು ಶನಿವಾರ ಭೀಮರಾಯರು ಚಹಾ ಮುಗಿಸಿ, ಟೋಪಿ ಸರಿ ಮಾಡಿಕೊಂಡು, ಮೌಶಿಯ ಕಡೆ ನೋಡದೆ, ತುಟಿ ಪಿಟಕ್ಕೆನ್ನದೆ ಎದ್ದು ಹೋಗಿಬಿಟ್ಟರು.

ಮೌಶಿ ಬಾಗಿಲನ್ನೇ ನೋಡುತ್ತ ಕೂತರು. “ಬರ್ತೀನಿ ಅನಲಿಲ್ಲ ನೋಡ ಅಂವ,” ಎಂದರು. ನಾನು ಏನೋ ಹೇಳಹೋದೆ. “ಅಂವಗ ಗೊತ್ತಾಗೇದ. ಇನ್ನ ಕರೆಂಟು ಸಾಕು. ಸೋಮವಾರ ನಾ ಆಸ್ಪತ್ರೀಗೆ ಬರೂದಿಲ್ಲ. ನನ್ನ ಊರಿಗೆ ಕಳಿಸಿಬಿಡ್ರಿ.”

ನಮ್ಮವರು ಕೈ ಮುಗಿದರು, ಸಿಟ್ಟು ಮಾಡಿದರು; ಮೌಶಿ ಜಗ್ಗಲಿಲ್ಲ. ಚಿಕಿತ್ಸೆ ನಡುವೆ ನಿಂತರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮವೆಂದು ಡಾಕ್ಟರರು ಮೊದಲೇ ಹೇಳಿದ್ದರು. ನನಗೆ ಹೆದರಿಕೆಯಿಂದ ಅನ್ನ ಸೇರಲಿಲ್ಲ. ರವಿವಾರ ಊಟವಾದ ಮೇಲೆ ನಮ್ಮವರು ಮುಖ ಸಣ್ಣದು ಮಾಡಿಕೊಂಡು ವಿಜಾಪುರದ ಬಸ್ಸು ವಿಚಾರಿಸಲು ಹೋದರು. ಆಗ ಮೌಶಿ ಮೆಲ್ಲಗೆ ಕೇಳಿದರು, “ಊರಿಗೆ ಹೋಗೂಕಿಂತ ಮೊದಲ ಆ ರೈಲೊಂದು ತೋರಸ್ತೀಯೇನವಾ?”

ಯಾವ ರೈಲು ಗೊತ್ತೇ? ಆಸ್ಪತ್ರೆಗೆ ಹೋಗಿ ಬರುವ ದಾರಿಯಲ್ಲಿ, ಪರ್ವತಿ ಗುಡ್ಡದ ಕಡೆ ಮಕ್ಕಳದೊಂದು ಬಾಗು, ಎಂದರೆ ಉದ್ಯಾನ. ಜಾರುಬಂಡಿ, ಜೋಕಾಲಿ, ಪಂಜರದಲ್ಲಿ ನವಿಲು, ಸುತ್ತಲೂ ಓಡುವ ಪುಟ್ಟ ರೈಲು. ಅದು ಸಿಳ್ಳೆ ಹಾಕಿದಾಗಲೆಲ್ಲ ಮೌಶಿ ರಿಕ್ಷಾದಿಂದ ಕತ್ತು ಹೊರಗೆ ಚಾಚುತ್ತಿದ್ದರು.

ನಾವು ಕೀಲಿ ಹಾಕುತ್ತಿದ್ದೆವು. ವಾಡೆಯ ದೊಡ್ಡ ಬಾಗಿಲಲ್ಲಿ ಭೀಮರಾಯರು, ಕೈಯಲ್ಲಿ ಮೋಸಂಬಿ ಚೀಲ!

“ವೈನಿ, ಈ ಬಿಸಲಾಗ ಎಲ್ಲಿಗ್ರಿ?” ಎಂದು ಅತ್ತಿಗೆಯನ್ನು ಕೇಳಿದರು.

“ಬಾಗಿಗೆ. ಬರೂದಿದ್ರ ಬರ್ರಿ,” ಎಂದು ಮೌಶಿ ನಡೆದೇಬಿಟ್ಟರು. ಮೋಸಂಬಿ ಮುಟ್ಟಿಸದೆ ಹಿಂದಿರುಗುವುದು ಭೀಮರಾಯರ ಜಾಯಮಾನವಲ್ಲ. ಹಿಂದೆಯೇ ಬಂದರು.

ರೈಲಿನ ಟಿಕೀಟು ಕೊಡುವವನು ನಮ್ಮ ಮೂವರನ್ನು ನೋಡಿ ತಲೆಯಾಡಿಸಿದ. “ಲಹಾನ ಮೂಲ ಕುಠೇ ಆಹೆ?” ಸಣ್ಣ ಮಗು ಜೊತೆಗಿಲ್ಲದೆ ದೊಡ್ಡವರಿಗೆ ಪ್ರವೇಶವಿಲ್ಲವಂತೆ. ಆಗಿನ ನನ್ನ ಮುಖ ನೆನೆದರೆ ನನಗೇ ಕನಿಕರ ಬರುತ್ತದೆ. ಆದರೆ ಮೌಶಿ ಹಿಂದೆ ತಿರುಗಿ, ಟೋಪಿ ಹಾಕಿಕೊಂಡು ಗಂಭೀರವಾಗಿ ನಿಂತಿದ್ದ ಭೀಮರಾಯರ ರಟ್ಟೆ ಹಿಡಿದು ಮುಂದೆ ಎಳೆದರು.

“ಹಾ ಕಾಯ್, ಆಮಚಾ ಲಹಾನ!” ಇವನೇ ನೋಡಪ್ಪ, ನಮ್ಮ ಸಣ್ಣವ.

ಟಿಕೀಟಿನವನು ಭೀಮರಾಯರ ಮೀಸೆ ನೋಡಿದ, ಟೋಪಿ ನೋಡಿದ, ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕ ಮೇಲೆ ಬಿಡದೆ ಏನು ಮಾಡುತ್ತಾನೆ?

ಆ ಡಬ್ಬಿಗಳನ್ನು ಮಾಡಿದವರಿಗೆ ಹೆಡ್ ಕ್ಲಾರ್ಕುಗಳ ಅಂದಾಜು ಇರಲಿಲ್ಲ. ಭೀಮರಾಯರ ಮೊಳಕಾಲು ಗದ್ದಕ್ಕೆ ತಾಗುತ್ತಿತ್ತು, ನಡುವೆ ಮೋಸಂಬಿ ಚೀಲ. ಸಿಳ್ಳೆ ಊದಿತು. ರೈಲು ಮೊದಲ ತಿರುವಿಗೆ ವಾಲಿದ್ದೇ ತಡ, ಚೀಲ ಬಾಯಿ ಬಿಟ್ಟು ಮೋಸಂಬಿಗಳು ಒಂದೊಂದಾಗಿ ಹೊರಗುರುಳಿದವು. ಬಾಗಿನಲ್ಲಿದ್ದ ಮಕ್ಕಳೆಲ್ಲ ಕೂಗುತ್ತ ಹಿಂದೆ ಓಡಿದರು. “ವೈನಿ, ಹಣ್ಣರಿ! ವೈನಿ, ಹಣ್ಣ ಹೋದ್ವರಿ!” ಎಂದು ಭೀಮರಾಯರು ಒರಲುತ್ತಿದ್ದರು. “ಹೋಗಲಿ ಬಿಡ್ರಿ! ಪೀಡಾ ಹೋತು!” ಎಂದು ಮೌಶಿ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಗಾಳಿಗೆ ಸೆರಗು ಜಾರಿ ನೇರಳೆ ಗೆರೆ ಬಿಸಿಲಿಗೆ ಬಿತ್ತು. ಅವರು ಅದನ್ನು ಮುಚ್ಚಿಕೊಳ್ಳಲಿಲ್ಲ. ಕೊನೆಗೆ ಭೀಮರಾಯರಿಗೂ ನಗು ತಡೆಯಲಾಗಲಿಲ್ಲ. ಅವರಿಗೆ ಅಷ್ಟೊಂದು ಹಲ್ಲುಗಳಿವೆಯೆಂದು ನನಗೆ ಅಂದೇ ತಿಳಿದದ್ದು.

ಇನ್ನೊಂದು ಸುತ್ತು ಹೋದೆವು. ಬಿಸಿ ಶೇಂಗಾ ತಿಂದೆವು. ಹೊತ್ತು ಇಳಿಯುವಾಗ ಬಾಗಿನ ಗೇಟಿನಲ್ಲಿ ಭೀಮರಾಯರು ಖಾಲಿ ಚೀಲ ಮಡಿಚಿ, ಅಭ್ಯಾಸಬಲದಿಂದ ಸುಮ್ಮನೆ ತಿರುಗಿ ಹೊರಟರು.

“ಭೀಮರಾವ್! ಹಂಗ ಹೊಂಟ್ರೇನು? ನಾ ಇನ್ನೂ ಅದೀನ್ರಿ!”

ಅವರು ನಿಂತರು. ತಾವು ಹಿಂದಿನ ದಿನ ಮಾಡಿದ್ದೂ ಆಗಲೇ ಹೊಳೆದಿರಬೇಕು, ಮುಖ ಕೆಂಪಾಯಿತು. ಹಿಂದಿರುಗಿ ಬಂದು ಟೋಪಿ ತೆಗೆದು, “ಬರ್ತೀನ್ರಿ ವೈನಿ,” ಎಂದರು.

“ಯಾವಾಗ?”

“ಮುಂದಿನ ರವಿವಾರ ಬರ್ತೀನ್ರಿ.”

“ಮೋಸಂಬಿ ತರಬ್ಯಾಡ್ರಿ ಮತ್ತ!”

ರಿಕ್ಷಾದಲ್ಲಿ ಮೌಶಿ ಸೆರಗಿನ ಮೇಲಿದ್ದ ಶೇಂಗಾ ಸಿಪ್ಪೆ ಕೊಡವಿದರು. ಆಮೇಲೆ ನನ್ನ ಕೈ ಹಿಡಿದು, “ನಾಳಿ ಕರೆಂಟಿಗೆ ಹೋಗೂದ ಬಂತಲ್ಲ,” ಎಂದರು. “ಅಂವ ಮುಂದಿನ ರವಿವಾರ ಬರ್ತಾನಂತ.” ನನಗೆ ಆದ ಆನಂದ ಇವತ್ತಿಗೂ ಬರೆಯಲು ಬರುವುದಿಲ್ಲ. ಕರೆಂಟು ಪೂರ್ತಿಯಾಯಿತು, ಗೆರೆ ಅಳಿಯಿತು. ಮುಂದೆ ಬಹಳ ವರ್ಷ ಮೌಶಿ ತಪಾಸಣೆಗೆಂದು ಪುಣೆಗೆ ಬಂದು, ಡಾಕ್ಟರರಿಗಿಂತ ಮೊದಲು ರೈಲನ್ನು ಕಂಡು ಹೋಗುತ್ತಿದ್ದರು.

ನಿನ್ನೆ ನಾನು ಮೋಸಂಬಿ ಕೊಳ್ಳಲಿಲ್ಲ. ಪಕ್ಕದಲ್ಲಿ ಹುರಿಯುತ್ತಿದ್ದ ಬಿಸಿ ಶೇಂಗಾ ಕಟ್ಟಿಸಿಕೊಂಡು, ದಾರಿಯುದ್ದಕ್ಕೂ ತಯಾರಿ ಮಾಡಿಕೊಂಡು ಬಂದಿದ್ದ ದುಃಖದ ಮುಖವನ್ನು ಅಲ್ಲಿಯೇ ಬಿಟ್ಟು ಹೋದೆ. ಸರೋಜಾ ಪೊಟ್ಟಣ ಬಿಚ್ಚಿ ನೋಡಿ, “ಅಯ್ಯ, ಮೋಸಂಬಿ ಅಲ್ಲ!” ಎಂದು ಎದ್ದು ಕೂತಳು. ಇಬ್ಬರೂ ಸಿಪ್ಪೆ ಚೆಲ್ಲುತ್ತ ಊರ ಉಸಾಬರಿಯನ್ನೆಲ್ಲ ಮಾತಾಡಿದೆವು. ಮೌಶಿಯ ಕಥೆಯನ್ನು ಮಾತ್ರ ಹೇಳಲಿಲ್ಲ.

ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ಗಟ್ಟಿಯಾಗಿ ಹೇಳಿದೆ, “ಬರ್ತೀನಿ ಸರೋಜಾ.”

ಅವಳು ಹಾಸಿಗೆಯಿಂದಲೇ ಕೇಳಿದಳು, “ಯಾವಾಗ?”

“ರವಿವಾರ,” ಎಂದೆ. “ಚಂದದ ಸೀರಿ ಉಟಗೊಂಡು ತಯಾರಾಗಿರು, ರೈಲು ಹತ್ತೂದದ.”