ಕಂಡದ್ದನ್ನೇ ಕೆತ್ತುವ ತಲೋರ್ಕ್

ತೆಂಕಣದ ಪಾದ್ರಿಗಳು ನಮ್ಮನ್ನು ಪಿಕ್ಟರು, ಅಂದರೆ ಮೈಗೆ ಬಣ್ಣ ಬಳಿದುಕೊಂಡವರು ಎಂದು ಬರೆಯುತ್ತಾರಂತೆ. ನನ್ನ ಮೈಗೆ ಹತ್ತಿದ್ದು ಕಲ್ಲಿನ ಕೆಂಪು ಧೂಳು ಮಾತ್ರ, ಅದೂ ತಲೋರ್ಕ್‌ನ ದೆಸೆಯಿಂದ. ಬಂಡೆ ಸೀಳಿ, ಎತ್ತು ಕಟ್ಟಿ ಎಳೆಸಿ ತಂದು ನಿಲ್ಲಿಸುವವನು ನಾನು. ಕೆತ್ತುವವನು ಅವನು.

ಅವನದು ಒಂದೇ ಹಟ. ಕಣ್ಣಾರೆ ಕಾಣದ್ದನ್ನು ಕೆತ್ತುತ್ತಿರಲಿಲ್ಲ. ಮೀನು ಕೆತ್ತು ಎಂದರೆ ಹದಿನೈದು ದಿನ ಸೊಂಟದವರೆಗೆ ಹೊಳೆಯಲ್ಲಿ ನಿಂತು ನೆಗಡಿ ಹತ್ತಿಸಿಕೊಂಡು ಬಂದಿದ್ದ. ನಾನು ಬಾಯಿಗೆ ಬಂದ ಹಾಗೆ ಬೈದೆ. ಕೆತ್ತಿದ ಮೀನು ಮಾತ್ರ ಈಗಲೋ ಆಗಲೋ ಬಾಲ ಬಡಿಯುವಂತಿತ್ತು.

ನಮ್ಮ ದೊರೆ ಹಡಗಿನವರನ್ನು ಮೂರು ಬೇಸಿಗೆ ಹಿಮ್ಮೆಟ್ಟಿಸಿದ್ದ. ಉತ್ತರದ ಕಡಲಿನಿಂದ ಬಂದು ಮಠಗಳನ್ನು ಸುಟ್ಟು ಹೆಂಗಸರನ್ನು ಕಟ್ಟಿ ಒಯ್ಯುವ ಆ ಜನ ಬೆನ್ನು ತೋರಿಸಿ ಓಡುವುದು ಕಲ್ಲಿನಲ್ಲಿ ಉಳಿಯಬೇಕೆಂದು ಅವನಿಗೆ ಆಸೆ. ತಲೋರ್ಕ್‌ನನ್ನು ಕರೆಸಿ ಹೇಳಿದ. ಈ ಪುಣ್ಯಾತ್ಮ ತಲೆ ಕೆರೆದುಕೊಂಡು, ಅವರು ಓಡಿದ್ದನ್ನು ನಾನು ಕಂಡಿಲ್ಲವಲ್ಲ ಎಂದ. ಸುತ್ತ ನಿಂತವರು ಒಂದು ಹೆಜ್ಜೆ ಹಿಂದೆ ಸರಿದರು. ದೊರೆ ನಕ್ಕುಬಿಟ್ಟ.

"ಕಂಡಿಲ್ವಾ? ಹಾಗಾದ್ರೆ ಈ ಸಲ ನಮ್ಜೊತೆ ಬಾ. ಗುಡ್ಡದ ಮೇಲೆ ಕೂತ್ಕೊ. ಓಡಿಸಿ ತೋರಿಸ್ತೀನಿ."

ತಲೋರ್ಕ್‌ನ ತಂಗಿ ದೆರಿಲೆಗೆ ಇದ್ದವನು ಒಬ್ಬನೇ ಮಗ, ವೊರೆತ್. ದೊರೆಯ ಈಟಿಯಾಳು. ನಮ್ಮಲ್ಲಿ ದೊರೆತನವಾಗಲಿ ಉಳಿ ಸುತ್ತಿಗೆಯಾಗಲಿ ಸೋದರಳಿಯನಿಗೇ ಸೇರುವುದರಿಂದ ತಲೋರ್ಕ್‌ನಿಗೂ ಅವನೇ ದಿಕ್ಕು. ಹೊರಡುವ ಬೆಳಿಗ್ಗೆ ದೆರಿಲೆ ಓಟ್ಸ್ ರೊಟ್ಟಿಯ ಗಂಟು ಕೊಟ್ಟು ಅಣ್ಣನ ಕೈ ಹಿಡಿದಳು.

"ಹೇಗೂ ನೋಡೋಕೆ ಹೋಗ್ತಿದ್ದೀಯಲ್ಲ ಅಣ್ಣ, ಅವನನ್ನೂ ನೋಡ್ತಿರು."

ಬಂಡೆ ಹುಡುಕುವ ನೆಪದಲ್ಲಿ ನಾನೂ ಹೋದೆ. ಗುಡ್ಡದ ಮೇಲೆ ಇಬ್ಬರೂ ಕುಳಿತು ನೋಡಿದೆವು. ನಡುಹಗಲಿನವರೆಗೆ ಸರಿಸಮ ಕಾದಾಟ. ಆಮೇಲೆ ದೊರೆ ಕುದುರೆಯಿಂದ ಬಿದ್ದ, ಏಳಲಿಲ್ಲ. ಓಡಿದವರು ನಮ್ಮವರು. ವೊರೆತ್ ಗುರಾಣಿ ಬಿಸಾಡಿ, ಮಾವ, ಮಾವ ಎಂದು ಕೂಗುತ್ತ ನಾವಿದ್ದ ಗುಡ್ಡದ ಕಡೆಗೇ ಓಡಿಬಂದ. ಕೊಡಲಿ ಬೆನ್ನಿಗೆ ಬಿತ್ತು. ತಲೋರ್ಕ್ ಕಣ್ಣು ಮುಚ್ಚಲಿಲ್ಲ. ನಾನೇ ಅವನನ್ನು ದರದರ ಎಳೆದುಕೊಂಡು ಓಡಿದೆ. ವೊರೆತ್‌ನನ್ನು ಹೇಡಿ ಎನ್ನುವವರು ಮೊದಲು ನನ್ನನ್ನು ಅನ್ನಲಿ.

ಹೆಣಗಳು ಸಿಗಲಿಲ್ಲ, ಬಯಲು ಹಡಗಿನವರ ಪಾಲಾಗಿತ್ತು. ಬೆನ್ನಿಗೆ ಏಟು ತಿಂದು ಸತ್ತವನ ಹೆಸರನ್ನು ನಮ್ಮಲ್ಲಿ, ವರ್ಷಕ್ಕೊಮ್ಮೆ ಸತ್ತವರಿಗೆ ಎಡೆಯಿಡುವ ಹಿರಿಯರ ಊಟದಲ್ಲಿ ಕರೆಯುವುದಿಲ್ಲ; ಅವನು ಹುಟ್ಟೇ ಇರಲಿಲ್ಲ ಎಂಬಂತೆ. ದೆರಿಲೆ ಅಣ್ಣನನ್ನು ಕೇಳಿದ್ದು ಒಂದೇ, ಮಗ ಹೇಗೆ ಸತ್ತ ಎಂದು. ಅವನು ಎದ್ದ. ಹೋಗಿ ದೊರೆ ಹೇಳಿದ್ದ ಕಲ್ಲಿನ ಮುಂದೆ ಕುಳಿತ.

ಸತ್ತ ದೊರೆಯ ಸೋದರಳಿಯ ಪಟ್ಟಕ್ಕೆ ಬಂದಿದ್ದ. ನದಿ ಕಡಲು ಸೇರುವಲ್ಲಿಗೆ ಹಡಗುಗಳು ಬಂದಿರುವಾಗ ಕಲ್ಲು ನೋಡಲು ಅವನಿಗೆಲ್ಲಿ ಪುರುಸೊತ್ತು? ಚಳಿಗಾಲವಿಡೀ ತಲೋರ್ಕ್ ತನಗೆ ತಿಳಿದ ಹಾಗೆ ಕೆತ್ತಿದ. ನೆಲದ ಮೇಲೆ ದೊರೆ, ಅವನ ಮುಖ ಕುಕ್ಕುವ ಕಾಗೆ, ಓಡುತ್ತಿರುವ ನಮ್ಮ ಜನ. ಎಲ್ಲವೂ ಕಂಡ ಹಾಗೆಯೇ. ನಡುವೆ ಒಬ್ಬನು ಮಾತ್ರ ಗುರಾಣಿ ಹಿಡಿದು ಹಡಗಿನವರಿಗೆ ಎದುರಾಗಿ ನಿಂತಿದ್ದ. ಸೊಟ್ಟ ಮೂಗು, ಅಗಲ ಹಣೆ. ವೊರೆತ್.

"ಹೀಗಿರ್ಲಿಲ್ವಲ್ಲೋ," ಎಂದೆ.

"ಇರ್ಲಿಲ್ಲ."

ಕಲ್ಲು ನಿಲ್ಲಿಸಿದ ದಿನ ದೆರಿಲೆ ಬಂದಳು. ಆ ಮೂಗನ್ನು ಬೆರಳಿನಿಂದ ಸವರಿದಳು. ಅಣ್ಣನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. ಆಮೇಲೆ ನನ್ನ ಕಡೆ ತಿರುಗಿದಳು.

"ಕನೌಲ್, ನೀನೂ ಅಲ್ಲಿದ್ದೆಯಲ್ಲ. ಹೀಗೇ ನಿಂತಿದ್ನಾ?"



"ಹೀಗೇ ನಿಂತಿದ್ದ ತಂಗಿ," ಎಂದೆ.

ಆ ವರ್ಷದ ಹಿರಿಯರ ಊಟದಲ್ಲಿ ಅವಳು ಮಗನ ಹೆಸರನ್ನು ಎಲ್ಲರಿಗಿಂತ ಗಟ್ಟಿಯಾಗಿ ಕರೆದಳು. ತಲೋರ್ಕ್ ಊಟಕ್ಕೆ ಬರಲಿಲ್ಲ. ಮರುದಿನ ಹೊಸ ಬಂಡೆಯೊಂದು ಸಿಕ್ಕಿದೆ ಎಂದು ಹೇಳಲು ಅವನ ಮನೆಗೆ ಹೋದೆ. ಉಳಿಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟು ಬಾಗಿಲು ಹಾಕಿಕೊಂಡ.