ಬಾಗಿಲ ಕಂಡಿಯಿಂದ ಬಂದವಳು

ತಂಗಿಯ ಮಗಳಿಗೆಂದು ತಂದ ಚಿತ್ರಪುಸ್ತಕವನ್ನು ಮೊನ್ನೆ ಯಾದಗಿರಿಯ ನಮ್ಮ ಬಾಡಿಗೆ ಮನೆಯಲ್ಲಿ ಬಿಚ್ಚಿದಾಗ ಒಣಗಿದ ಬೇವಿನೆಲೆಯ ವಾಸನೆ ಬಂತು. ಹೊಸ ಪುಸ್ತಕಕ್ಕೆ ಆ ವಾಸನೆ ಇರಲು ಸಾಧ್ಯವಿಲ್ಲ. ನನ್ನ ಮೂಗು ಸುಳ್ಳು ಹೇಳುತ್ತದೆ ಎಂಬುದು ನನಗೆ ಗೊತ್ತು. ಆದರೂ ಆ ಸುಳ್ಳಿನ ಹಿಂದೆ ಸುರಪುರದ ಮನೆಯ ಜೋಳದ ಕೋಣೆ ಎದ್ದು ನಿಂತಿತು. ಕಿಟಕಿಯಿಲ್ಲದ ಕಲ್ಲಿನ ಕೋಣೆ, ಹುಳು ಹತ್ತದಿರಲೆಂದು ಚೀಲಗಳ ನಡುವೆ ತುರುಕಿದ ಬೇವಿನ ಸೊಪ್ಪು, ಸುಣ್ಣ ಬಳಿದ ಒಳಗೋಡೆ, ಮರದ ಗಂಟು ಉದುರಿ ಕಂಡಿ ಬಿದ್ದ ಹಳೆಯ ಬಾಗಿಲು. ಆ ಚೀಲಗಳ ಸಂದಿಯಲ್ಲಿ ನನ್ನ ಮೊದಲ ಪುಸ್ತಕ ಇರುತ್ತಿತ್ತು. ಅದನ್ನು ಕೊಟ್ಟವಳು ಮಹಾದೇವಿ ಅತ್ತೆ, ಅಪ್ಪನ ತಂಗಿ. ಕೆಂಭಾವಿಗೆ ಮದುವೆಯಾಗಿ ಹೋಗಿ ಅಲ್ಲಿ ಸಣ್ಣ ಮಕ್ಕಳಿಗೆ ಕಲಿಸುತ್ತಿದ್ದಳು. ವಿಜ್ಞಾನದ ಪುಸ್ತಕವೇ, ಆದರೆ ಅದು ಪಾಠ ಹೇಳುತ್ತಿರಲಿಲ್ಲ, ಪಿಸುಗುಡುತ್ತಿತ್ತು. ಮಂಜಿನ ಪುಟದಲ್ಲಿ, ‘ನೀರು ತನ್ನ ಹೆಸರು ಮರೆತು ಅಲೆಯುತ್ತಿದೆ’ ಎಂದಿತ್ತು. ಎಲುಬಿನ ಪುಟದಲ್ಲಿ, ‘ನಿನ್ನೊಳಗೆ ಬಿಳಿಯ ಮರವೊಂದು ಕತ್ತಲಲ್ಲಿ ನಿಂತಿದೆ’. ನಾನು ಮೊಣಕೈ ಮುಟ್ಟಿ ನೋಡಿಕೊಳ್ಳುತ್ತಿದ್ದೆ. “ಹೆದರಬ್ಯಾಡ, ಇದೆಲ್ಲಾ ಖರೇನ ಐತಿ,” ಎನ್ನುತ್ತಿದ್ದಳು ಅತ್ತೆ. ಅದು ಸಮಾಧಾನವೋ ಎಚ್ಚರಿಕೆಯೋ ತಿಳಿಯುತ್ತಿರಲಿಲ್ಲ.

ನಾನು ಎರಡನೇ ಇಯತ್ತೆಯಲ್ಲಿದ್ದಾಗ ಅತ್ತೆ ಕೆಂಭಾವಿಯಲ್ಲಿ ಜ್ವರ ಬಂದು ತೀರಿಕೊಂಡಳು. ಆ ವರ್ಷದ ಪಕ್ಷಮಾಸದಲ್ಲಿ ಹಿರಿಯರಿಗೆ ಎಡೆ ಇಡುವ ದಿನ ಮನೆಯಲ್ಲಿ ಜಗಳವಾಯಿತು. ನಮ್ಮಲ್ಲಿ ಎಡೆಯನ್ನು ಜೋಳದ ಕೋಣೆಯಲ್ಲೇ ಇಡುತ್ತಿದ್ದರು. ಹೋಳಿಗೆ, ಅನ್ನ, ಹೊಸ ಬಟ್ಟೆ ಇಟ್ಟು, ದೀಪ ಹಚ್ಚಿ, ಬಾಗಿಲು ಮುಚ್ಚಿಕೊಂಡು ಎಲ್ಲರೂ ಅಂಗಳಕ್ಕೆ ಬರಬೇಕು. ಸತ್ತವರು ಬಂದು ಉಂಡು ಹೋಗುವವರೆಗೆ ಯಾರೂ ಒಳಗೆ ಹೋಗುವಂತಿಲ್ಲ. ಆಯಿ, ಅಂದರೆ ನಮ್ಮ ಅಜ್ಜಿ, ಅತ್ತೆಯ ಹಸಿರು ಸೀರೆಯನ್ನು ಎಡೆಯ ಮುಂದೆ ಇಡಲು ಹೋದಳು. ಅಪ್ಪ ತಡೆದ. “ಯವ್ವಾ, ಕೊಟ್ಟ ಮಗಳ ಎಡಿ ಆಕಿ ಗಂಡನ ಮನ್ಯಾಗ ಇಡ್ತಾರ. ನಮ್ಮಲ್ಲಿ ಇಡಾಕ ಬರಂಗಿಲ್ಲ.” “ಅಲ್ಲಿ ಯಾರು ಇಡ್ತಾರೋ? ಅಂವ ಆಗಲೇ ಇನ್ನೊಂದು ಲಗ್ನ ಮಾಡ್ಕೊಂಡಾನ.” “ಹಂಗಂತ ರಿವಾಜು ಬಿಡಾಕ ಆಗ್ತೈತೇನು?” ಆಯಿ ಸೀರೆಯನ್ನು ಎದೆಗೆ ಅವುಚಿಕೊಂಡು ಹಿಂದೆ ಸರಿದಳು. ಆದರೆ ಬಾಗಿಲು ಮುಚ್ಚುವ ಮೊದಲು ನನ್ನನ್ನು ಚೀಲಗಳ ಹಿಂದೆ ಕೂರಿಸಿ ಕಿವಿಯಲ್ಲಿ ಹೇಳಿದಳು: “ಕಣ್ಣು ಮುಚ್ಚಬ್ಯಾಡ. ಕರೀಲಾರದ ಬರ್ತಾಳೇನು, ನೋಡು.”

ಬಾಗಿಲು ಮುಚ್ಚಿತು. ನಾನು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ದೀಪ ತಾನಾಗಿಯೇ ಆರಿತು. ಎಣ್ಣೆ ಇತ್ತು, ಗಾಳಿ ಇರಲಿಲ್ಲ, ಅಥವಾ ಇತ್ತೇನೋ. ಕತ್ತಲೆಗೆ ಕಣ್ಣು ಹೊಂದಿಕೊಂಡಂತೆ ಸುಣ್ಣದ ಗೋಡೆಯ ಮೇಲೆ ಬಣ್ಣ ಮೂಡತೊಡಗಿತು. ಮೇಲೆ ಕಂದು, ಕೆಳಗೆ ತಿಳಿನೀಲಿ. ನಡುವೆ ಮನುಷ್ಯರು, ಬಾವಲಿಗಳಂತೆ ಜೋತುಬಿದ್ದವರು, ಮುಖವಿಲ್ಲದವರು, ಸದ್ದಿಲ್ಲದೆ ಅಲುಗುವವರು. ಅವರಲ್ಲಿ ಒಬ್ಬಳ ಎದೆಯ ತುಂಬ ಹಸಿರು. ಹೊರಗೆ ಅವ್ವ ಗೊಣಗುತ್ತಿದ್ದಳು: “ಹಿರೇರು ಒಳಗ ನೆಳ್ಳಾಗ ಉಣ್ಣಾಕತ್ತಾರ. ನಮಗ ಇಲ್ಲಿ ಬಿಸಲಾಗ ಹೊಟ್ಟಿ ಚುರುಚುರು ಅನ್ನಾಕತ್ತೈತಿ.” ಆ ಮಾತು ಅಷ್ಟು ಹತ್ತಿರದಿಂದ ಬಂತು, ಆದರೆ ಗೋಡೆಯ ಮೇಲಿನವರು ಬಹಳ ದೂರದಲ್ಲಿದ್ದರು. ಹಸಿರಿನವಳು ಮಾತ್ರ ನಿಧಾನವಾಗಿ ದೊಡ್ಡವಳಾಗುತ್ತಾ, ತಲೆ ಕೆಳಗಾಗಿಯೇ, ನನ್ನ ಕಡೆಗೆ ಬಂದಳು.

ಒಳಗಿನ ಹಿರಿಯರಿಗೆ ತಿಳಿಯಲೆಂದು ಕೆಮ್ಮಿ, ಬಾಗಿಲು ತೆರೆದು ಮೊದಲು ಒಳಗೆ ಬಂದವಳು ಆಯಿ. “ಬಂದಿದ್ಳೇನು?” “ಬಂದಿದ್ಳು. ಹಸರ ಸೀರಿ. ಕಾಲು ಮ್ಯಾಲ, ತಲಿ ಕೆಳಗ.” ಆಯಿಯ ಮುಖ ಅರಳಿತು. ಆಗ ನಾನು ಪುಸ್ತಕದ ಒಂದು ಪುಟ ತೆರೆದು ಬಾಗಿಲ ಬೆಳಕಿಗೆ ಹಿಡಿದು ಓದಿದೆ: ‘ಸಣ್ಣ ಕಂಡಿಯಲ್ಲಿ ಬೆಳಕು ತೂರಿದರೆ ಅಂಗಳವೂ ಹಿಂದೆಯೇ ಬರುತ್ತದೆ, ತಲೆ ಕೆಳಗೆ ಮಾಡಿಕೊಂಡು’. ಅಥವಾ ಆ ಪುಟವನ್ನು ನಾನು ಓದಿದ್ದು ಎಷ್ಟೋ ದಿನಗಳ ಮೇಲಿರಬಹುದು. ನೆನಪು ತನಗೆ ಬೇಕಾದ ಕಡೆ ಅದನ್ನು ತಂದು ಹೊಲಿದಿರಬಹುದು. ಆಯಿ ಬಾಗಿಲಿನ ಕಂಡಿಗೆ ಬೆರಳಿಟ್ಟಳು, ತೆಗೆದಳು, ಇದು ಮಾತ್ರ ಖಚಿತ. ಮತ್ತೆ ತನ್ನ ಎದೆಯ ಮೇಲಿದ್ದ ಸೀರೆಯನ್ನು ನೋಡಿಕೊಂಡಳು. “ಹಂಗಾದ್ರ ನೀ ನೋಡಿದ್ದು ನನ್ನನ್ನ,” ಎಂದಳು. ಆಮೇಲೆ ಆ ಹಸಿರು ಸೀರೆಯನ್ನು ತಲೆ ತುಂಬ ಹೊದ್ದು, ಎಡೆಯ ಮುಂದೆ ಕುಳಿತು, ಹೋಳಿಗೆ ಮುರಿದು ಬಾಯಿಗಿಟ್ಟುಕೊಂಡಳು. ಹಿಂದೆ ಬಂದ ಅಪ್ಪ ಬೆಚ್ಚಿದ. “ಯವ್ವಾ, ಏನ ಮಾಡಾಕತ್ತಿ?” ಆಯಿ ತಲೆ ಎತ್ತಲಿಲ್ಲ. “ಕೆಂಭಾವಿಯಿಂದ ಬಂದಾಳ, ಹಸದಾಳ. ಉಣ್ಣಾಕ ಬಿಡು.” ತುಂಬಿದ ಬಾಯಿಯ ಆ ದನಿ ಆಯಿಯದಾಗಿರಲಿಲ್ಲ. ಅಪ್ಪ ಹೊರಗೆ ಹೋದ.

ವರ್ಷಗಳು ಕಳೆದಂತೆ ಆಯಿ ಹೋದಳು, ಅಪ್ಪನೂ ಹೋದ. ರಸ್ತೆ ಅಗಲವಾದಾಗ ಜೋಳದ ಕೋಣೆಯೂ ಹೋಯಿತು. ಆ ಬಾಗಿಲು ಈಗ ಯಾರ ಒಲೆಯಲ್ಲಿ ಬೂದಿಯಾಗಿದೆಯೋ. ಪುಸ್ತಕ ಎಲ್ಲೂ ಸಿಗಲಿಲ್ಲ. ಸೀರೆ ಹಸಿರಲ್ಲ, ಕೆಂಪಿತ್ತು ಎನ್ನುತ್ತಾಳೆ ಅವ್ವ. ಇರಬಹುದು. ನಿನ್ನೆ ಮಧ್ಯಾಹ್ನ ಹೊಸ ಪುಸ್ತಕ ಹೇಳಿದಂತೆ ಕಿಟಕಿಗೆ ರಟ್ಟು ಮುಚ್ಚಿ, ಅದರಲ್ಲೊಂದು ತೂತು ಮಾಡಿ, ತಂಗಿಯ ಕೂಸನ್ನು ಒಳಗೆ ಕೂರಿಸಿ ನಾನು ಅಂಗಳಕ್ಕೆ ಬಂದು ಕಿಟಕಿಯ ಎದುರು ನಿಂತೆ. ಬಿಸಿಲಿಗೆ ಸೆರಗನ್ನು ತಲೆ ತುಂಬ ಹೊದ್ದುಕೊಂಡೆ. ತುಸು ಹೊತ್ತಿನ ಮೇಲೆ ಒಳಗಿಂದ ಪಿಸುದನಿ ಕೇಳಿತು: “ದೊಡ್ಡವ್ವಾ, ಯಾರೋ ಬಂದಾರ.”

ನಾನು ಅಲುಗಾಡದೆ ನಿಂತೆ. ಅಲುಗಾಡಿದರೆ ಆ ಬಂದವಳು ಹೋಗಿಬಿಡುತ್ತಿದ್ದಳು.