ಖಾಲಿ ಜಾಗಕ್ಕೂ ಹೆಸರು ಬರೆದವರು

ಅವರ ಕೈಗಳು ಮೊರದಷ್ಟು ಅಗಲ. ಆದರೆ ಫೋಟೊ ಎತ್ತುವಾಗ ಬೆರಳ ತುದಿ ಅದರ ಅಂಚಿಗಷ್ಟೇ ತಾಗುತ್ತಿತ್ತು. ದರ ಹೇಳುವ ಮೊದಲು ಗಿರಾಕಿಯ ಚಪ್ಪಲಿ ನೋಡುವ ನಾನು, ಇವರ ಕೈಯನ್ನೇ ನೋಡಿದೆ.

ಒಮಾನಿನ ಸೊಹಾರ್ ಬಂದರಿನ ಕಡೆಯ ಕಾರ್ಖಾನೆಯೊಂದರಲ್ಲಿ ಅವರು ಎಂಜಿನಿಯರು. ಅಮೆರಿಕದ ಕಪ್ಪು ಜನಾಂಗದವರು, ಹೆಂಡತಿ ತೀರಿಹೋದ ಮೇಲೆ ಒಂಟಿ. ಅವರು ಓದಿದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹಿಂದೆ ತರಗತಿಗೆ ಒಬ್ಬಿಬ್ಬರು ಕಪ್ಪು ವಿದ್ಯಾರ್ಥಿಗಳಿದ್ದರಂತೆ; ಅಲ್ಲಿನ ಚರಿತ್ರೆಯಲ್ಲಿ ಅವರ ಸುಳಿವೇ ಇಲ್ಲ. ಹಾಗಾಗಿ ಇವರು ಹಳೆಯ ವಿದ್ಯಾರ್ಥಿಗಳಿಂದ ಫೋಟೊ ತರಿಸಿ, ಸೊಹಾರಿನ ನನ್ನ ಸ್ಟುಡಿಯೋದಲ್ಲಿ ಪ್ರತಿ ಮಾಡಿಸಿ, ಹಿಂಬದಿಗೆ ಹೆಸರು ಬರೆದು ಅಲ್ಲಿನ ಗ್ರಂಥಾಲಯಕ್ಕೆ ಕಳಿಸುತ್ತಿದ್ದರು. ಬರೆಯುವುದು ಪೆನ್ಸಿಲಿನಲ್ಲಿ. ನೀವೂ ಹಾಗೇ ಮಾಡಿ, ಪೆನ್ನಿನ ಶಾಯಿ ಚಿತ್ರಕ್ಕೆ ಇಳಿಯುತ್ತದೆ.

ಮುಖವನ್ನು ಒಂದಿಷ್ಟು ಬೆಳ್ಳಗೆ ಮಾಡಿಕೊಡುವುದು ನಮ್ಮ ಸ್ಟುಡಿಯೋಗಳ ವಾಡಿಕೆ. "ಸಾರ್, ಸ್ವಲ್ಪ ಫೇರ್ ಮಾಡ್ಲಾ? ಅದಕ್ಕೆ ದುಡ್ಡು ಬೇಡ," ಎಂದೆ.

ಅವರು ಜೋರಾಗಿ ನಕ್ಕರು. "ಬೆಳ್ಳಗಾದ್ರೆ ಅವ್ರೇ ಅಂತ ಯಾರಿಗೆ ಗೊತ್ತಾಗ್ತದೆ? ಮುಖ ಕಾಣ್ಲಿ, ಬಣ್ಣ ಹಾಗೇ ಇರ್ಲಿ."

ಹಳೆಯ ಚಿತ್ರಗಳಲ್ಲಿ ಕತ್ತಲೆಯಾಗಿದ್ದ ಮುಖಗಳಿಂದ ಕಣ್ಣು, ಮೂಗು ಮೆಲ್ಲಗೆ ಮೇಲೆ ತರುವುದನ್ನು ಹಾಗೆ ಕಲಿತೆ.

ಅವರಿಗಿಂತ ಹಿಂದಿನ ಒಂದು ತರಗತಿಯ ಚಿತ್ರದಲ್ಲಿ, ಸಾಲಿನ ಕೊನೆಯ ಕಪ್ಪು ಹುಡುಗನ ಹೆಸರು ಯಾರಿಗೂ ಗೊತ್ತಿರಲಿಲ್ಲ. "'ತಿಳಿದಿಲ್ಲ' ಅಂತ ಬರ್ದು ಕಳ್ಸಿ ಸಾರ್. ಖಲಾಸ್," ಎಂದೆ.

"ಹೆಸರಲ್ಲೂ ಚೌಕಾಸಿಯಾ ಮಾರಾಯ?" ಎಂದರು. ನಮ್ಮ ಮಾತು ಇಂಗ್ಲಿಷಿನಲ್ಲಾದರೂ, 'ಮಾರಾಯ' ಎಂಬ ಆ ಒಂದು ಪದವನ್ನು ನನ್ನಿಂದ ಎತ್ತಿಕೊಂಡಿದ್ದರು. "ಆಗ್ಲೂ ಅವನ ಹೆಸರು ಯಾರೂ ಕೇಳಿರಲಿಕ್ಕಿಲ್ಲ."

ಕೊನೆಗೆ ಆ ತರಗತಿಯ ಇನ್ನೊಬ್ಬ ಕಪ್ಪು ವಿದ್ಯಾರ್ಥಿ ಅಮೆರಿಕದಲ್ಲಿ ಸಿಕ್ಕರು. ಈಗ ಮುದುಕರು, ದೃಷ್ಟಿ ಹೋಗಿತ್ತು. ಫೋಟೊ ಕಳಿಸಿ ಪ್ರಯೋಜನವಿಲ್ಲ. ಎಂಜಿನಿಯರು ಅಂಗಡಿಯಿಂದಲೇ ಫೋನ್ ಮಾಡಿ, "ನೀನೇ ಹೇಳು, ನಿನ್ನ ಕಣ್ಣು ಪಳಗಿದ್ದು," ಎಂದು ಫೋನನ್ನು ನನ್ನ ಕಡೆ ಹಿಡಿದರು.

ಚಿತ್ರವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಹೇಳುತ್ತಾ ಹೋದೆ. "ವಾಚು ಬಲಗೈಯಲ್ಲಿ. ಟೈ ಸೊಟ್ಟ. ಪಕ್ಕದವರಿಗೂ ಇವ್ನಿಗೂ ನಡುವೆ ಒಬ್ರು ನಿಲ್ಲುವಷ್ಟು ಜಾಗ ಉಂಟು."

"ಅಲ್ಲಿ ನಾನು ನಿಲ್ಬೇಕಿತ್ತು. ಅವತ್ತು ನನಗೆ ಜ್ವರ," ಎಂದ ಮುದಿ ಧ್ವನಿ, ಗೆಳೆಯನ ಹೆಸರು ಹೇಳಿತು.

ಎಂಜಿನಿಯರು ಅದನ್ನು ಫೋಟೊದ ಹಿಂಬದಿಗೆ ಬರೆದರು. ಖಾಲಿ ಜಾಗಕ್ಕೆ ಸರಿಯಾಗಿ ಆ ಮುದುಕರ ಹೆಸರನ್ನೂ ಬರೆದರು.

ಮುಂದಿನ ರಜೆಗೆ ಅಮೆರಿಕಕ್ಕೆ ಹೋದ ಎಂಜಿನಿಯರು ಅಲ್ಲೇ ತೀರಿಕೊಂಡರೆಂದು ಕಂಪನಿಯ ಡ್ರೈವರ್ ಹೇಳಿದ. ದುಃಖ ಹೇಳಿಕೊಳ್ಳಲು ಇಲ್ಲಿ ಅವರ ಕಡೆಯವರು ಯಾರೂ ಇರಲಿಲ್ಲ.

ಈಗ ಗುಂಪಿನ ಫೋಟೊ ತೆಗೆಯುವ ಮೊದಲು, "ಬರ್ಬೇಕಾದವ್ರು ಯಾರಾದ್ರೂ ಉಂಟಾ?" ಎಂದು ಕೇಳುತ್ತೇನೆ. ಉಂಟು ಎಂದರೆ, ನಿಂತವರನ್ನು ಸ್ವಲ್ಪ ಸರಿಸಿ ಒಬ್ಬರ ಜಾಗ ಬಿಡಿಸುತ್ತೇನೆ.